ವಿದೇಶಾಂಗ ಸಚಿವರಿಗೆ ಸಂಸತ್ತಿನಲ್ಲಿ ಪ್ರಶ್ನೆ: ಕೇಳುವ ಬಗೆ, ಉತ್ತರ ಓದುವ ಬಗೆ

2023ರ ಡಿಸೆಂಬರ್ 8, ಶುಕ್ರವಾರ. ಲೋಕಸಭೆಯಲ್ಲಿ ಕೇರಳದ ಕಾಂಗ್ರೆಸ್ ಸದಸ್ಯರೊಬ್ಬರು ವಿದೇಶಾಂಗ ಸಚಿವಾಲಯಕ್ಕೆ ಹಾಕಿದ್ದ ಪ್ರಶ್ನೆಗೆ ಲಿಖಿತ ಉತ್ತರ ಬಂತು. ಅವರು ಕೇಳಿದ್ದು ಎರಡು ವಿಷಯ. ಹಮಾಸನ್ನು ಭಯೋತ್ಪಾದಕ ಸಂಘಟನೆ ಎಂದು ಘೋಷಿಸುವ ಪ್ರಸ್ತಾವ ಸರ್ಕಾರದ ಮುಂದಿದೆಯೇ? ಹಾಗೆ ಘೋಷಿಸಿ ಎಂದು ಇಸ್ರೇಲ್ ಸರ್ಕಾರ ಒತ್ತಾಯಿಸಿದೆಯೇ? ಎರಡಕ್ಕೂ ಸೇರಿಸಿ ಕೊಟ್ಟ ಉತ್ತರದ ಸಾರ ಇಷ್ಟೇ: ಸಂಘಟನೆಯೊಂದನ್ನು ಭಯೋತ್ಪಾದಕ ಎಂದು ಘೋಷಿಸುವುದು ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಯಡಿ ಬರುತ್ತದೆ, ಸಂಬಂಧಪಟ್ಟ ಇಲಾಖೆಗಳು ಆ ಕಾಯ್ದೆಯ ಪ್ರಕಾರ ಪರಿಶೀಲಿಸುತ್ತವೆ.

ಇದರಲ್ಲಿ ಸುಳ್ಳು ಒಂದಕ್ಷರವೂ ಇಲ್ಲ. ಪ್ರಸ್ತಾವ ಇದೆ ಎಂದೂ ಹೇಳಿಲ್ಲ, ಇಲ್ಲ ಎಂದೂ ಹೇಳಿಲ್ಲ. ಇಸ್ರೇಲಿನ ಮಾತಂತೂ ಎತ್ತಿಯೇ ಇಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯ ಉತ್ತರ. ಇದರ ಜೊತೆಗೆ ಇನ್ನೊಂದು ಫಜೀತಿಯೂ ಆಯಿತು. ಉತ್ತರದ ಮೇಲೆ ಆಗಿನ ವಿದೇಶಾಂಗ ಖಾತೆ ರಾಜ್ಯ ಸಚಿವೆ ಮೀನಾಕ್ಷಿ ಲೇಖಿ ಅವರ ಹೆಸರಿತ್ತು. ಇಂಥ ಪ್ರಶ್ನೆಗಾಗಲಿ ಉತ್ತರಕ್ಕಾಗಲಿ ತಾವು ಸಹಿ ಹಾಕಿಲ್ಲ ಎಂದು ಅವರೇ ಸಾಮಾಜಿಕ ಜಾಲತಾಣದಲ್ಲಿ ಬರೆದರು. ಉತ್ತರಿಸಿದ ಸಚಿವರ ಹೆಸರು ಅದೇ ಖಾತೆಯ ಇನ್ನೊಬ್ಬ ರಾಜ್ಯ ಸಚಿವ ವಿ. ಮುರಳೀಧರನ್ ಎಂದು ಇರಬೇಕಿತ್ತು, ಇದು ತಾಂತ್ರಿಕ ತಿದ್ದುಪಡಿ ಎಂದು ಸಚಿವಾಲಯ ಆಮೇಲೆ ಸ್ಪಷ್ಟೀಕರಣ ಕೊಟ್ಟಿತು.

ಸಂಸತ್ತಿನ ವಿದೇಶಾಂಗ ಪ್ರಶ್ನೋತ್ತರ ಹೇಗೆ ನಡೆಯುತ್ತದೆ ಎಂದು ತಿಳಿಯಲು ಈ ಒಂದು ಹಾಳೆ ಒಳ್ಳೆಯ ಪಾಠ. ಉತ್ತರ ಕಳಪೆಯಾದಾಗ ನಾವು ಸಚಿವರನ್ನು ಬೈಯುತ್ತೇವೆ. ಅರ್ಧ ತಪ್ಪು ಪ್ರಶ್ನೆಯದ್ದೇ ಆಗಿರುತ್ತದೆ. "ಪ್ರಸ್ತಾವ ಇದೆಯೇ" ಎಂಬ ಪ್ರಶ್ನೆಯಿಂದ ಜಾರಿಕೊಳ್ಳುವುದು ಸುಲಭ. "ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ ಎಷ್ಟು" ಎಂಬ ಪ್ರಶ್ನೆಯಿಂದ ಜಾರಿಕೊಳ್ಳುವುದು ಕಷ್ಟ.

ದಿನ, ಗಡುವು, ಲಾಟರಿ

ಸಚಿವಾಲಯಗಳನ್ನು ಐದು ಗುಂಪು ಮಾಡಿ, ಸೋಮವಾರದಿಂದ ಶುಕ್ರವಾರದವರೆಗೆ ಒಂದೊಂದು ಗುಂಪಿಗೆ ಒಂದೊಂದು ದಿನ ಕೊಡುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ವಿದೇಶಾಂಗ ಸಚಿವಾಲಯದ ಸರದಿ ಲೋಕಸಭೆಯಲ್ಲಿ ಶುಕ್ರವಾರ, ರಾಜ್ಯಸಭೆಯಲ್ಲಿ ಗುರುವಾರ. ಪ್ರಶ್ನೋತ್ತರ ವೇಳೆ ಲೋಕಸಭೆಯಲ್ಲಿ ಬೆಳಗ್ಗೆ 11ಕ್ಕೆ. ರಾಜ್ಯಸಭೆಯಲ್ಲೂ ಮೊದಲು ಹಾಗೇ ಇತ್ತು. ಗದ್ದಲಕ್ಕೆ ಆ ಗಂಟೆಯೇ ಬಲಿಯಾಗುತ್ತಿದ್ದುದರಿಂದ 2014ರಲ್ಲಿ ಅದನ್ನು ಮಧ್ಯಾಹ್ನ 12ಕ್ಕೆ ಸರಿಸಿದರು. ಗದ್ದಲವೂ ಹಿಂದೆಯೇ ಹೋಯಿತು, ಅದು ಬೇರೆ ಮಾತು.

ಪ್ರಶ್ನೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರಿಸಬೇಕು. ಅದರ ಬೆನ್ನಿಗೆ ಪೂರಕ ಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆ ಗುರುತಿನವು 20, ಇಲ್ಲದವು 230. ರಾಜ್ಯಸಭೆಯಲ್ಲಿ 15 ಮತ್ತು 160. ಆ 20ನ್ನು ಆ ದಿನದ ಎಲ್ಲ ಸಚಿವಾಲಯಗಳೂ ಹಂಚಿಕೊಳ್ಳಬೇಕು. ಹಾಗಾಗಿ ವಿದೇಶಾಂಗದ ಪಾಲಿಗೆ ಬರುವುದು ಬೆರಳೆಣಿಕೆಯಷ್ಟು. ಒಂದು ಗಂಟೆಯಲ್ಲಿ ನಿಜವಾಗಿ ಬಾಯಿಮಾತಿನ ಉತ್ತರ ಸಿಗುವುದು ಪಟ್ಟಿಯ ಮೊದಲ ಐದಾರು ಪ್ರಶ್ನೆಗಳಿಗೆ. ಉಳಿದವು ಲಿಖಿತ ಉತ್ತರವಾಗಿ ಮೇಜಿನ ಮೇಲೆ ಕೂರುತ್ತವೆ. ಸದನ ಮುಂದೂಡಿದರೆ ಎಲ್ಲಕ್ಕೂ ಅದೇ ಗತಿ.

ಪಟ್ಟಿಯಲ್ಲಿ ಯಾರ ಪ್ರಶ್ನೆ ಮೊದಲು ಎಂಬುದನ್ನು ತೀರ್ಮಾನಿಸುವುದು ಲಾಟರಿ. ಹಿರಿತನ, ಪಕ್ಷದ ಬಲ ಯಾವುದೂ ಇಲ್ಲಿ ನಡೆಯುವುದಿಲ್ಲ. ಲೋಕಸಭಾ ಸದಸ್ಯರು ಒಂದು ದಿನಕ್ಕೆ ಎರಡೂ ಬಗೆ ಸೇರಿ ಹೆಚ್ಚೆಂದರೆ 5 ಪ್ರಶ್ನೆಗೆ ಸೂಚನೆ ಕೊಡಬಹುದು. ಚುಕ್ಕೆ ಗುರುತಿನ ಪಟ್ಟಿಯಲ್ಲಿ ಅವರ ಒಂದೇ ಪ್ರಶ್ನೆ ಬರುತ್ತದೆ. ಸೂಚನೆಗೂ ಉತ್ತರದ ದಿನಕ್ಕೂ ನಡುವೆ ಪೂರ್ತಿ 15 ದಿನ ಇರಬೇಕು. ಸೂಚನೆ ಕೊಟ್ಟ ದಿನವನ್ನೂ ಉತ್ತರದ ದಿನವನ್ನೂ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಈ ಒಂದು ನಿಯಮ ವಿದೇಶಾಂಗ ವಿಷಯಕ್ಕೆ ದೊಡ್ಡ ತೊಡಕು. ಒಂದು ದೇಶದಲ್ಲಿ ಸೋಮವಾರ ದಂಗೆಯಾಗಿ ನಮ್ಮವರು ಸಿಕ್ಕಿಬಿದ್ದರೆ, ಅದರ ಬಗ್ಗೆ ಮಾಮೂಲಿ ಪ್ರಶ್ನೆಗೆ ಉತ್ತರ ಬರುವ ಹೊತ್ತಿಗೆ ಜನ ಊರಿಗೆ ಬಂದಿರುತ್ತಾರೆ, ಇಲ್ಲವೇ ಬರಬಾರದ್ದು ಬಂದಿರುತ್ತದೆ. ಅಲ್ಪಾವಧಿ ಸೂಚನೆಯ ಪ್ರಶ್ನೆ ಎಂಬ ಇನ್ನೊಂದು ದಾರಿ ಇದೆ, ಆದರೆ ಸಚಿವರು ಒಪ್ಪಿದರೆ ಮಾತ್ರ. ತುರ್ತು ವಿಷಯಕ್ಕೆ ಶೂನ್ಯವೇಳೆಯಲ್ಲಿ ದನಿ ಎತ್ತಬಹುದು, ಗಮನ ಸೆಳೆಯುವ ಸೂಚನೆ ಕೊಡಬಹುದು. ಶೂನ್ಯವೇಳೆಯ ಮಾತಿಗೆ ಆಗಲೇ ಉತ್ತರಿಸಬೇಕೆಂಬ ಕಟ್ಟುಪಾಡು ಸಚಿವರಿಗಿಲ್ಲ.

ಸೋಸುವ ಜರಡಿ

ಸೂಚನೆ ಕೊಟ್ಟದ್ದೆಲ್ಲ ಪ್ರಶ್ನೆಯಾಗುವುದಿಲ್ಲ. ಲೋಕಸಭೆಯ ಕಾರ್ಯವಿಧಾನ ನಿಯಮ 41ರಲ್ಲಿ ಉದ್ದನೆಯ ಷರತ್ತುಗಳ ಪಟ್ಟಿಯೇ ಇದೆ. ಪ್ರಶ್ನೆ ಸಾಮಾನ್ಯವಾಗಿ 150 ಪದ ಮೀರಬಾರದು. ಅಭಿಪ್ರಾಯ ಕೇಳಬಾರದು, ಊಹೆಯ ಸನ್ನಿವೇಶ ಒಡ್ಡಬಾರದು. ಸಚಿವ ಸಂಪುಟದ ಚರ್ಚೆಯನ್ನು ಕೆದಕಬಾರದು. ಉತ್ತರದ ಮಿತಿಯಲ್ಲಿ ಹಿಡಿಸಲಾಗದಷ್ಟು ದೊಡ್ಡ ನೀತಿ ವಿಚಾರ ಎತ್ತಬಾರದು. ಸುಲಭವಾಗಿ ಸಿಗುವ ದಾಖಲೆಯಲ್ಲೇ ಇರುವ ಮಾಹಿತಿ ಕೇಳಬಾರದು. ಇವು ಎಲ್ಲ ಖಾತೆಗೂ ಅನ್ವಯ. ವಿದೇಶಾಂಗಕ್ಕೆ ನೇರವಾಗಿ ತಾಗುವುದು ಇನ್ನೊಂದು: ಸ್ನೇಹಪರ ವಿದೇಶವನ್ನು ಅಗೌರವದಿಂದ ಪ್ರಸ್ತಾಪಿಸುವಂತಿಲ್ಲ.

"ಚೀನಾದ ಬಗ್ಗೆ ಸರ್ಕಾರದ ನೀತಿ ಏನು" ಎಂಬ ಪ್ರಶ್ನೆ ದೊಡ್ಡ ನೀತಿ ವಿಚಾರ ಎಂದು ಬೀಳುತ್ತದೆ, ಅಥವಾ ಹತ್ತು ವರ್ಷದಿಂದ ಕೊಡುತ್ತಿರುವ ಅದೇ ಪ್ಯಾರಾ ಮರಳಿ ಬರುತ್ತದೆ. "ಆ ದೇಶ ನಮ್ಮವರನ್ನು ಕೀಳಾಗಿ ಕಂಡಿದೆಯಲ್ಲವೇ" ಎಂಬುದೂ ನಿಲ್ಲುವುದಿಲ್ಲ. ಅದನ್ನೇ "ಕಳೆದ ಮೂರು ವರ್ಷಗಳಲ್ಲಿ ಆ ದೇಶದ ವಿಮಾನ ನಿಲ್ದಾಣಗಳಿಂದ ವಾಪಸ್ ಕಳುಹಿಸಲಾದ ಭಾರತೀಯರ ಸಂಖ್ಯೆ ಎಷ್ಟು, ಅದಕ್ಕೆ ಕೊಟ್ಟ ಕಾರಣಗಳೇನು, ನಮ್ಮ ರಾಯಭಾರ ಕಚೇರಿ ತೆಗೆದುಕೊಂಡ ಕ್ರಮವೇನು" ಎಂದು ಕೇಳಿದರೆ ತಡೆಯಲು ಕಾರಣ ಹುಡುಕಬೇಕಾಗುತ್ತದೆ.

ಕಾರಣ ಸಿಗುವುದೂ ಉಂಟು. 2021ರ ಡಿಸೆಂಬರ್‌ನಲ್ಲಿ ರಾಜ್ಯಸಭಾ ಸದಸ್ಯ ಕೆ.ಸಿ. ವೇಣುಗೋಪಾಲ್, ರೈತ ಚಳವಳಿಗೆ ನೆರವಾದ ಅನಿವಾಸಿ ಭಾರತೀಯರನ್ನು ವಿಮಾನ ನಿಲ್ದಾಣದಲ್ಲಿ ಕಿರುಕುಳಕ್ಕೆ ಗುರಿಮಾಡಿ ವಾಪಸ್ ಕಳುಹಿಸಲಾಯಿತೇ ಎಂದು ಕೇಳಿದ್ದರು. ತಾತ್ಕಾಲಿಕ ಪಟ್ಟಿಯಲ್ಲಿದ್ದ ಆ ಪ್ರಶ್ನೆ ಅಂತಿಮ ಪಟ್ಟಿಯಲ್ಲಿ ಕಾಣಲಿಲ್ಲ ಎಂದು ಅವರು ಬಹಿರಂಗವಾಗಿಯೇ ದೂರಿದರು. ಪ್ರಶ್ನೆಯನ್ನು ಒಪ್ಪುವ ಅಧಿಕಾರ ಲೋಕಸಭೆಯಲ್ಲಿ ಸ್ಪೀಕರ್‌ಗೆ, ರಾಜ್ಯಸಭೆಯಲ್ಲಿ ಸಭಾಪತಿಗೆ. ಆದರೆ ಒಪ್ಪುವ ಮುಂಚೆ ಸಚಿವಾಲಯದ ಅಭಿಪ್ರಾಯ ಕೇಳುವ ಪದ್ಧತಿಯಿದೆ. ಉತ್ತರಿಸಬೇಕಾದವರೇ ಪ್ರಶ್ನೆ ಬೇಡವೆಂದು ಹೇಳಬಲ್ಲ ಈ ಘಟ್ಟ ಹೊರಗಿನವರ ಕಣ್ಣಿಗೆ ಬೀಳುವುದೇ ಇಲ್ಲ. ಇಡೀ ವ್ಯವಸ್ಥೆಯಲ್ಲಿ ಹೆಚ್ಚು ಬೆಳಕು ಬೇಕಾದ ಜಾಗ ಇದೇ.

ಇನ್ನೊಂದು ಜಾರುದಾರಿ "ಇದು ನಮ್ಮ ಖಾತೆಯದಲ್ಲ" ಎಂಬುದು. ಹಮಾಸ್ ಪ್ರಶ್ನೆಗೆ ಹಾಗೆ ಉತ್ತರ ಬರಲು ಮೂಲ ಕಾರಣ ಅದೇ: ಸಂಘಟನೆಗಳನ್ನು ನಿಷೇಧಿಸುವುದು ಗೃಹ ಸಚಿವಾಲಯ. ಭಾರತದ ಪೌರತ್ವ ತೊರೆದವರ ಸಂಖ್ಯೆಯ ವಿಷಯವೂ ಹೀಗೆಯೇ ಎರಡು ಸಚಿವಾಲಯಗಳ ನಡುವೆ ಓಡಾಡಿದೆ. 2022ರ ಜುಲೈನಲ್ಲಿ ಲೋಕಸಭೆಗೆ ಉತ್ತರ ಕೊಟ್ಟದ್ದು ಗೃಹ ಖಾತೆ ರಾಜ್ಯ ಸಚಿವರು, ಅಂಕಿ ಮಾತ್ರ ವಿದೇಶಾಂಗದಿಂದ ಪಡೆದದ್ದು. 2023ರ ಫೆಬ್ರುವರಿಯಲ್ಲಿ ರಾಜ್ಯಸಭೆಯಲ್ಲಿ ವಿದೇಶಾಂಗ ಸಚಿವ ಎಸ್. ಜೈಶಂಕರ್ ಅವರೇ ಉತ್ತರಿಸಿದರು. ಎರಡನ್ನೂ ಜೋಡಿಸಿದರೆ ಸಿಗುವ ಸರಣಿ ಇದು: 2020ರಲ್ಲಿ 85,256, 2021ರಲ್ಲಿ 1,63,370, 2022ರಲ್ಲಿ 2,25,620. 2020ರ ಇಳಿತ ಕೋವಿಡ್ ಕಾಲದ್ದು. ಅದನ್ನು ಹೇಳದೆ 2020ರಿಂದ ಏರಿಕೆಯ ಶೇಕಡಾವಾರು ಹೇಳುವವರು ಓದುಗರಿಗೆ ಟೋಪಿ ಹಾಕುತ್ತಾರೆ. 2019ರಲ್ಲೇ ಸಂಖ್ಯೆ 1,44,017 ಇತ್ತು.

ಉತ್ತರ ತಯಾರಾಗುವ ಬಗೆ

ಪ್ರಶ್ನೆ ಸಚಿವಾಲಯಕ್ಕೆ ಬಂದ ಕೂಡಲೇ ಸಂಸತ್ ವ್ಯವಹಾರ ನೋಡುವ ವಿಭಾಗ ಅದನ್ನು ಸಂಬಂಧಪಟ್ಟ ಶಾಖೆಗೆ ಕಳುಹಿಸುತ್ತದೆ. ಕುವೈತಿನ ಕಾರ್ಮಿಕರ ವಿಷಯವಾದರೆ ಗಲ್ಫ್ ವಿಭಾಗ, ರಷ್ಯಾದ್ದಾದರೆ ಯುರೇಷಿಯಾ ವಿಭಾಗ, ಪಾಸ್‌ಪೋರ್ಟ್ ಆದರೆ ಪಾಸ್‌ಪೋರ್ಟ್ ಸೇವಾ ವಿಭಾಗ. ಅಂಕಿ ಬೇಕಿದ್ದರೆ ರಾಯಭಾರ ಕಚೇರಿಗಳಿಗೆ ಸಂದೇಶ ಹೋಗುತ್ತದೆ. "ದೇಶವಾರು ವಿವರ ಕೊಡಿ" ಎಂಬ ಮೂರು ಪದ ಸೇರಿಸಿದ ಕೂಡಲೇ ನೂರಾರು ಕಚೇರಿಗಳಿಂದ ಮಾಹಿತಿ ತರಿಸಿ ಒಂದು ಕೋಷ್ಟಕ ಮಾಡಬೇಕಾಗುತ್ತದೆ. ಕರಡು ಕೆಳಹಂತದ ಅಧಿಕಾರಿಯಿಂದ ಹೊರಟು ಜಂಟಿ ಕಾರ್ಯದರ್ಶಿ, ಕಾರ್ಯದರ್ಶಿ ಮಟ್ಟ ದಾಟಿ ಸಚಿವರ ಮೇಜಿಗೆ ಬರುತ್ತದೆ. ಹಿಂದಿ ಅನುವಾದ ಆಗಬೇಕು. ಕೈದಾಟುವ ಪ್ರತಿ ಹಂತದಲ್ಲೂ ಒಂದೊಂದು ವಿಶೇಷಣ ಉದುರುತ್ತದೆ, ಒಂದೊಂದು ವಾಕ್ಯ ಮೃದುವಾಗುತ್ತದೆ.

ಚುಕ್ಕೆ ಗುರುತಿನ ಪ್ರಶ್ನೆಗಾದರೆ ಕೆಲಸ ಎರಡು ಪಟ್ಟು. ಉತ್ತರದ ಜೊತೆಗೆ ಪೂರಕ ಪ್ರಶ್ನೆಗಳಿಗೆ ಪ್ರತ್ಯೇಕ ಟಿಪ್ಪಣಿ ಬೇಕು: ಇಂಥ ಸದಸ್ಯರು ಹೀಗೆ ಕೇಳಬಹುದು, ಕೇಳಿದರೆ ಇದು ಹಿನ್ನೆಲೆ, ಇದು ಹಿಂದೆ ಕೊಟ್ಟ ಉತ್ತರ. ಪ್ರಶ್ನೆ ಹಾಕಿದವರಿಗೆ ಎರಡು ಪೂರಕ ಪ್ರಶ್ನೆಗಳ ಅವಕಾಶ. ಬೇರೆಯವರಿಗೆ ಪೀಠದ ಇಷ್ಟದಂತೆ. ಅಧಿಕಾರಿಗಳು ತಮ್ಮ ಗ್ಯಾಲರಿಯಲ್ಲಿ ಕುಳಿತು ಚೀಟಿ ಕಳುಹಿಸಬಹುದು, ಆದರೆ ಮಾತು ಸಚಿವರದ್ದೇ. ಲಿಖಿತ ಉತ್ತರದಲ್ಲಿ ಎಂದೂ ಸಿಗದ ಮಾತು ಇಲ್ಲಿ ಸಿಗುವ ಸಂಭವ ಇರುವುದು ಅದಕ್ಕೇ. ನುರಿತ ಸದಸ್ಯರು ಮೂಲ ಪ್ರಶ್ನೆಯನ್ನು ಸಪ್ಪೆಯಾಗಿಟ್ಟು, ಪೂರಕ ಪ್ರಶ್ನೆಯಲ್ಲಿ ಚುರುಕು ಮುಟ್ಟಿಸುತ್ತಾರೆ. ಎಳಸು ಸದಸ್ಯರು ಎರಡು ನಿಮಿಷ ಭಾಷಣ ಮಾಡಿ ಕೊನೆಗೆ ಮೂರು ಪ್ರಶ್ನೆ ಒಟ್ಟಿಗೆ ಎಸೆಯುತ್ತಾರೆ. ಸಚಿವರು ಅದರಲ್ಲಿ ಸುಲಭದ್ದನ್ನು ಆಯ್ದುಕೊಳ್ಳುತ್ತಾರೆ.

ಭಾಷೆಯ ವಿಷಯ ಒಂದು ಮಾತು. ಸೂಚನೆ ಕೊಡುವುದು, ಲಿಖಿತ ಉತ್ತರ ಬರುವುದು ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ. ಸದನದಲ್ಲಿ ಕನ್ನಡದಲ್ಲಿ ಮಾತಾಡಲು ಅಡ್ಡಿಯಿಲ್ಲ, ಭಾಷಾಂತರದ ವ್ಯವಸ್ಥೆ ಇದೆ. ಲೋಕಸಭೆಯಲ್ಲಿ ಮೊದಲು ಕನ್ನಡದಲ್ಲಿ ಮಾತಾಡಿದ ಹೆಗ್ಗಳಿಕೆ 1967ರಲ್ಲಿ ಜೆ.ಎಚ್. ಪಟೇಲರದ್ದು. ನಮ್ಮ ಕರಾವಳಿಯ, ಕಲ್ಯಾಣ ಕರ್ನಾಟಕದ ಸದಸ್ಯರು ಗಲ್ಫ್ ಕಾರ್ಮಿಕರ ಬಗ್ಗೆ ಪೂರಕ ಪ್ರಶ್ನೆಯನ್ನು ಕನ್ನಡದಲ್ಲೇ ಕೇಳಿದರೆ ಊರಲ್ಲಿ ಆ ವಿಡಿಯೊ ನೋಡುವವರು ಹೆಚ್ಚುತ್ತಾರೆ.

ಒಂದು ವಿಷಯದ ಬೆನ್ನು ಹತ್ತಿದರೆ

2024ರ ಫೆಬ್ರುವರಿಯಲ್ಲಿ ಕಲಬುರಗಿ ಜಿಲ್ಲೆಯ ಕೆಲವು ಯುವಕರ ಸುದ್ದಿ ಹೊರಬಂತು. ಭದ್ರತಾ ಸಹಾಯಕರ ಕೆಲಸ ಎಂದು ನಂಬಿಸಿ ಏಜೆಂಟರು ಅವರನ್ನು ರಷ್ಯಾಕ್ಕೆ ಕಳುಹಿಸಿದ್ದರು. ಅವರು ಹೋಗಿ ಬಿದ್ದದ್ದು ಯುಕ್ರೇನ್ ಯುದ್ಧದ ಸಾಲಿಗೆ. ಮುಂದೆ ಈ ವಿಷಯ ಸಂಸತ್ತಿನಲ್ಲಿ ಸಾಗಿದ ದಾರಿ ನೋಡಿದರೆ ಉತ್ತರಗಳನ್ನು ಜೋಡಿಸಿ ಓದುವ ಕ್ರಮ ತಿಳಿಯುತ್ತದೆ.

2024ರ ಆಗಸ್ಟ್ 9ರ ಶುಕ್ರವಾರ ಲೋಕಸಭೆಯ ಪ್ರಶ್ನೋತ್ತರ ವೇಳೆಯಲ್ಲಿ ಜೈಶಂಕರ್ ಕೊಟ್ಟ ಅಂಕಿ: ರಷ್ಯಾ ಸೇನೆಗೆ ಸೇರಿದ ಭಾರತೀಯರು ಒಟ್ಟು 91, ಸತ್ತವರು 8, ಬಿಡುಗಡೆಯಾಗಿ ಬಂದವರು 14, ಬಿಡುಗಡೆಗೆ ಕಾದಿರುವವರು 69. ಕೂಡಿ ನೋಡಿ, 91 ಬರುತ್ತದೆ. ಲೆಕ್ಕ ಚೊಕ್ಕ. ಮೋಸದ ನೇಮಕಾತಿ ಸಂಬಂಧ ಸಿಬಿಐ 19 ವ್ಯಕ್ತಿ ಮತ್ತು ಸಂಸ್ಥೆಗಳ ಮೇಲೆ ಪ್ರಕರಣ ದಾಖಲಿಸಿದೆ ಎಂದೂ ಅವರು ಹೇಳಿದರು. ಕಲಬುರಗಿಯ ಯುವಕರು ಆ ಸೆಪ್ಟೆಂಬರ್‌ನಲ್ಲಿ ಮನೆಗೆ ಬಂದರು.

2025ರ ಜನವರಿಯಲ್ಲಿ ಸಚಿವಾಲಯದ ವಕ್ತಾರರು ವಾರದ ಪತ್ರಿಕಾಗೋಷ್ಠಿಯಲ್ಲಿ ಬೇರೆ ಅಂಕಿ ಕೊಟ್ಟರು: ಒಟ್ಟು 126, ಮರಳಿದವರು 96, ಸತ್ತವರು 12, ಇನ್ನೂ ಅಲ್ಲಿರುವವರು 18, ಆ 18ರಲ್ಲಿ 16 ಮಂದಿ ನಾಪತ್ತೆ. ಇದೂ ಕೂಡಿ ಬರುತ್ತದೆ. ಆದರೆ ಆಗಸ್ಟ್‌ನ 91 ಜನವರಿಗೆ 126 ಆದದ್ದನ್ನು ಗಮನಿಸಿ. ಆಗಸ್ಟ್ ನಂತರ ಹೊಸದಾಗಿ 35 ಮಂದಿ ಸೇರಿದರೋ, ಮೊದಲೇ ಸೇರಿದ್ದವರು ತಡವಾಗಿ ಪತ್ತೆಯಾದರೋ? ಎರಡಕ್ಕೂ ಅಜಗಜಾಂತರ. ಮೊದಲನೆಯದಾದರೆ ಏಜೆಂಟರ ಜಾಲ ಇನ್ನೂ ನಡೆಯುತ್ತಿದೆ ಎಂದರ್ಥ.

2025ರ ಜುಲೈ 24ರ ಗುರುವಾರ ರಾಜ್ಯಸಭೆಗೆ ಬಂದ ಉತ್ತರದಲ್ಲಿ ಒಟ್ಟು 127, ಬಿಡುಗಡೆಯಾದವರು 98, ಸೇನೆಯಲ್ಲಿ ಉಳಿದವರು 13, ಅವರಲ್ಲಿ 12 ಮಂದಿ ನಾಪತ್ತೆ ಎಂದು ರಷ್ಯಾ ತಿಳಿಸಿದೆ. 127ರಿಂದ 98 ಮತ್ತು 13 ಕಳೆದರೆ 16 ಉಳಿಯುತ್ತದೆ. ಜನವರಿಯಲ್ಲಿ ಸತ್ತವರು 12 ಇದ್ದರು. ಹಾಗಾದರೆ ಉಳಿದ ನಾಲ್ವರು? ಮೂರು ಅಂಕಿಗಳಿಂದ ಅದು ಹೊರಡುವುದಿಲ್ಲ. ಚೆನ್ನಾಗಿ ತಯಾರಾದ ಸದಸ್ಯರು ಮುಂದಿನ ಅಧಿವೇಶನದಲ್ಲಿ ಕೇಳಬೇಕಾದ್ದು ಇದನ್ನೇ: ಇಂಥ ಉತ್ತರದಲ್ಲಿನ 127 ಮಂದಿಯಲ್ಲಿ ಸತ್ತವರು, ಮರಳಿದವರು, ನಾಪತ್ತೆಯಾದವರು, ಸೇವೆಯಲ್ಲಿರುವವರು ಎಷ್ಟೆಷ್ಟು, ಪ್ರತಿಯೊಬ್ಬರೂ ಸೇರಿದ ತಿಂಗಳು ಯಾವುದು, 2024ರ ಆಗಸ್ಟ್ ನಂತರ ಸೇರಿದವರು ಎಷ್ಟು. ಹಿಂದಿನ ಉತ್ತರದ ದಿನಾಂಕ, ಸಂಖ್ಯೆ ನಮೂದಿಸಿ ಕೇಳಿದ ಪ್ರಶ್ನೆಗೆ ಸಾಮಾನ್ಯ ಪ್ಯಾರಾ ಕೊಟ್ಟು ಕೈತೊಳೆದುಕೊಳ್ಳುವುದು ಕಷ್ಟ.

"ಮಾಹಿತಿ ನಿರ್ವಹಿಸಲಾಗುತ್ತಿಲ್ಲ"

ನಮ್ಮ ರಾಜ್ಯದವರು ಹೆಚ್ಚು ಎಡವುವುದು ಇಲ್ಲಿ. "ಗಲ್ಫ್ ದೇಶಗಳಲ್ಲಿರುವ ಕರ್ನಾಟಕದವರು ಎಷ್ಟು" ಎಂದು ಕೇಳಿದರೆ ರಾಜ್ಯವಾರು ಮಾಹಿತಿ ಇಟ್ಟಿಲ್ಲ ಎಂಬ ಒಂದು ಸಾಲು ಬರುತ್ತದೆ. ಅದು ಬಹುಮಟ್ಟಿಗೆ ನಿಜ. ರಾಯಭಾರ ಕಚೇರಿಯಲ್ಲಿ ನೋಂದಾಯಿಸುವುದು ಕಡ್ಡಾಯವಲ್ಲ, ಮಂಗಳೂರಿನವರು ಮುಂಬೈ ವಿಳಾಸದ ಪಾಸ್‌ಪೋರ್ಟಿನಲ್ಲಿ ಹೋಗಿರುತ್ತಾರೆ.

ಸಚಿವಾಲಯದ ಕೈಯಲ್ಲಿ ನಿಜವಾಗಿ ಏನಿದೆ ಎಂಬುದನ್ನು ತಿಳಿದು ಕೇಳಬೇಕು. 1983ರ ವಲಸೆ ಕಾಯ್ದೆಯಡಿ, ಹತ್ತನೇ ತರಗತಿ ಪಾಸಾಗದವರು ಕೆಲಸಕ್ಕಾಗಿ ಅಧಿಸೂಚಿತ ದೇಶಗಳಿಗೆ ಹೋಗುವಾಗ ವಲಸೆ ಅನುಮತಿ ಪಡೆಯಬೇಕು. ಗಲ್ಫಿನ ದೇಶಗಳೆಲ್ಲ ಆ ಪಟ್ಟಿಯಲ್ಲಿವೆ. ಅನುಮತಿ ಇ-ಮೈಗ್ರೇಟ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ದಾಖಲಾಗುತ್ತದೆ, ಅಲ್ಲಿ ರಾಜ್ಯವೂ ಇರುತ್ತದೆ. ಆದ್ದರಿಂದ "ಕಳೆದ ಐದು ವರ್ಷಗಳಲ್ಲಿ ಇ-ಮೈಗ್ರೇಟ್ ಮೂಲಕ ವಲಸೆ ಅನುಮತಿ ಪಡೆದ ಕರ್ನಾಟಕದವರು, ದೇಶವಾರು, ವರ್ಷವಾರು" ಎಂದು ಕೇಳಿದರೆ ಕೋಷ್ಟಕ ಬರುತ್ತದೆ. ಆದರೆ ಆ ಕೋಷ್ಟಕದಲ್ಲಿ ಎಂಜಿನಿಯರ್, ಅಂಗಡಿ ಮಾಲೀಕರು ಇರುವುದಿಲ್ಲ, ಸಂದರ್ಶಕ ವೀಸಾದಲ್ಲಿ ಹೋಗಿ ಕೆಲಸಕ್ಕೆ ನಿಂತವರೂ ಇರುವುದಿಲ್ಲ. ಪತ್ರಿಕೆಗಳು ಇದನ್ನು ಮರೆತು "ಗಲ್ಫಿಗೆ ಹೋದ ಕನ್ನಡಿಗರು ಇಷ್ಟೇ" ಎಂದು ಬರೆದುಬಿಡುತ್ತವೆ.

ಜೈಲಿನ ಅಂಕಿಯಲ್ಲೂ ಇಂಥದ್ದೇ ಸಂದು. ವಿದೇಶಗಳ ಜೈಲುಗಳಲ್ಲಿ ವಿಚಾರಣಾಧೀನರೂ ಸೇರಿ 10,152 ಭಾರತೀಯರಿದ್ದಾರೆ ಎಂದು 2025ರ ಮಾರ್ಚ್‌ನಲ್ಲಿ ಸಂಸತ್ತಿಗೆ ತಿಳಿಸಲಾಯಿತು; ಸೌದಿ ಅರೇಬಿಯಾದಲ್ಲಿ 2,633, ಯುಎಇಯಲ್ಲಿ 2,518. ಇಂಥ ಉತ್ತರಗಳ ಕೆಳಗೆ ತಪ್ಪದೇ ಬರುವ ವಾಕ್ಯವೊಂದಿದೆ: ಹಲವು ದೇಶಗಳಲ್ಲಿ ಖಾಸಗಿತನದ ಕಾನೂನು ಬಿಗಿಯಾಗಿರುವುದರಿಂದ, ಕೈದಿ ಒಪ್ಪದಿದ್ದರೆ ಅಲ್ಲಿನ ಅಧಿಕಾರಿಗಳು ವಿವರ ಕೊಡುವುದಿಲ್ಲ. ಅಂದರೆ 10,152 ಎಂಬುದು ತಿಳಿದುಬಂದ ಸಂಖ್ಯೆ. ಇರುವ ಸಂಖ್ಯೆ ಅದಕ್ಕಿಂತ ಕಡಿಮೆಯಂತೂ ಅಲ್ಲ ಎಂದು ಓದಿಕೊಳ್ಳಬೇಕು.

2024ರ ಜುಲೈ 26ರಂದು ಲೋಕಸಭೆಗೆ ಕೊಟ್ಟ ಉತ್ತರದ ಪ್ರಕಾರ ಹಿಂದಿನ ಐದು ವರ್ಷಗಳಲ್ಲಿ ವಿದೇಶಗಳಲ್ಲಿ ಸತ್ತ ಭಾರತೀಯ ವಿದ್ಯಾರ್ಥಿಗಳು 633. ಕೆನಡಾದಲ್ಲಿ 172, ಅಮೆರಿಕದಲ್ಲಿ 108. ಕೆನಡಾ ಅಪಾಯದ ದೇಶ ಎಂದು ಅವತ್ತೇ ಶೀರ್ಷಿಕೆಗಳು ಹುಟ್ಟಿದವು. ಆದರೆ ಆಗ ಅಲ್ಲಿ ಓದುತ್ತಿದ್ದ ನಮ್ಮವರ ಸಂಖ್ಯೆಯೇ ಎಲ್ಲಕ್ಕಿಂತ ಹೆಚ್ಚಿತ್ತು, ನಾಲ್ಕು ಲಕ್ಷ ಮೀರಿತ್ತು. ಜೊತೆಗೆ ಆ 633ರಲ್ಲಿ ಕಾಯಿಲೆ, ಅಪಘಾತ, ಹಲ್ಲೆ ಎಲ್ಲ ಕಾರಣಗಳೂ ಕೂಡಿವೆ. ಸಾವಿನ ಅಂಕಿ ಕೇಳುವಾಗಲೇ ಕಾರಣವಾರು ವಿಂಗಡಣೆಯನ್ನೂ, ಅದೇ ವರ್ಷಗಳ ಒಟ್ಟು ವಿದ್ಯಾರ್ಥಿಗಳ ಸಂಖ್ಯೆಯನ್ನೂ ಕೇಳದಿದ್ದರೆ ಉತ್ತರ ಗಾಬರಿ ಹುಟ್ಟಿಸುತ್ತದೆ ಹೊರತು ತಿಳಿವಳಿಕೆ ಕೊಡುವುದಿಲ್ಲ.

ಸಚಿವರೇ ಎದ್ದು ಹೇಳಿದಾಗ

ದೊಡ್ಡ ಘಟನೆಗಳಲ್ಲಿ ಸಚಿವರು ಪ್ರಶ್ನೆಗೆ ಕಾಯದೆ ತಾವಾಗಿಯೇ ಹೇಳಿಕೆ ಕೊಡುತ್ತಾರೆ. 2022ರ ಮಾರ್ಚ್ 15ರಂದು ಯುಕ್ರೇನ್ ತೆರವು ಕಾರ್ಯಾಚರಣೆ ಬಗ್ಗೆ ಎರಡೂ ಸದನಗಳಲ್ಲಿ ಬಂದದ್ದು ಅಂಥದ್ದು: ಸುಮಾರು 22,500 ಮಂದಿ, 90 ವಿಮಾನ ಹಾರಾಟ, ಅದರಲ್ಲಿ 14 ವಾಯುಪಡೆಯವು. ಹಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ ಹಾವೇರಿ ಜಿಲ್ಲೆಯ ವಿದ್ಯಾರ್ಥಿಯ ಪ್ರಸ್ತಾಪವೂ ಅದರಲ್ಲಿತ್ತು.

ಇಲ್ಲಿ ಎರಡು ಸದನಗಳ ನಡುವೆ ವ್ಯತ್ಯಾಸವಿದೆ. ಲೋಕಸಭೆಯ ನಿಯಮ 372ರ ಪ್ರಕಾರ ಸಚಿವರು ಹೇಳಿಕೆ ಕೊಡುವ ಹೊತ್ತಿನಲ್ಲಿ ಯಾರೂ ಪ್ರಶ್ನೆ ಕೇಳುವಂತಿಲ್ಲ. ರಾಜ್ಯಸಭೆಯಲ್ಲಿ ಸಭಾಪತಿ ಅನುಮತಿ ಕೊಟ್ಟರೆ ಸದಸ್ಯರು ಸ್ಪಷ್ಟೀಕರಣ ಕೇಳಬಹುದು. 2025ರ ಫೆಬ್ರುವರಿ 6ರಂದು, ಅಮೆರಿಕ ಸೇನಾ ವಿಮಾನದಲ್ಲಿ 104 ಭಾರತೀಯರನ್ನು ಗಡಿಪಾರು ಮಾಡಿ ಕಳುಹಿಸಿದ ಮರುದಿನ, ರಾಜ್ಯಸಭೆಯಲ್ಲಿ ಹಾಗೇ ಆಯಿತು. ಗಡಿಪಾರು ಹೊಸದಲ್ಲ ಎಂದು ತೋರಿಸಲು ಸಚಿವರು 2009ರಿಂದ ವರ್ಷವಾರು ಪಟ್ಟಿ ಓದಿದರು: 2009ರಲ್ಲಿ 734, 2019ರಲ್ಲಿ 2,042, 2024ರಲ್ಲಿ 1,368. ಸದಸ್ಯರು ಹಿಡಿದದ್ದು ಬೇರೆ ಎಳೆ, ಬೇಡಿ ಹಾಕಿ ತಂದದ್ದನ್ನು. ಅಂಕಿ ಕೇಳದಿದ್ದ ಪ್ರಶ್ನೆಗೆ ಅಂಕಿಯ ಉತ್ತರ ಬರುವುದೂ ಒಂದು ವರಸೆ.

ಹೊರಗೆ ಹೇಳುವ ಮೊದಲು ಸದನಕ್ಕೆ ಹೇಳಬೇಕೆಂಬ ಸಂಪ್ರದಾಯ ಎಷ್ಟು ನೋವು ಕೊಡಬಲ್ಲದು ಎಂಬುದಕ್ಕೆ ಮೊಸುಲ್ ಸಾಕ್ಷಿ. 2014ರ ಜೂನ್‌ನಲ್ಲಿ ಇರಾಕಿನ ಮೊಸುಲ್‌ನಲ್ಲಿ ಅಪಹೃತರಾದ 39 ಭಾರತೀಯ ಕಾರ್ಮಿಕರ ಬಗ್ಗೆ ಸಂಸತ್ತಿನಲ್ಲಿ ವರ್ಷಗಟ್ಟಲೆ ಪ್ರಶ್ನೆ ಬಂತು. ಸಾಕ್ಷ್ಯವಿಲ್ಲದೆ ಸತ್ತರೆಂದು ಘೋಷಿಸುವುದು ಪಾಪ ಎಂಬ ಅರ್ಥದ ಮಾತನ್ನು ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ 2017ರ ಜುಲೈನಲ್ಲಿ ಲೋಕಸಭೆಯಲ್ಲಿ ಆಡಿದ್ದರು. 2018ರ ಮಾರ್ಚ್ 20ರಂದು, ಡಿಎನ್‌ಎ ಹೊಂದಾಣಿಕೆ ಆದ ಮೇಲೆ, 39 ಮಂದಿಯೂ ಸತ್ತಿದ್ದಾರೆ ಎಂದು ರಾಜ್ಯಸಭೆಗೆ ತಿಳಿಸಿದರು. ಲೋಕಸಭೆಯಲ್ಲಿ ಗದ್ದಲ, ಹೇಳಲಾಗಲಿಲ್ಲ. ಮನೆಯವರಿಗೆ ಸುದ್ದಿ ತಿಳಿದದ್ದು ಟಿವಿಯಿಂದ. ಮೊದಲು ಸಂಸತ್ತಿಗೆ ಹೇಳುವುದು ತಮ್ಮ ಕರ್ತವ್ಯವಾಗಿತ್ತು ಎಂದು ಸಚಿವೆ ಸಮರ್ಥಿಸಿಕೊಂಡರು. ಸಂಪ್ರದಾಯ ಇರುವುದು ನಿಜ. ಆದರೆ ಅದು ಸದನದ ಗೌರವ ಕಾಯಲು ಹುಟ್ಟಿದ್ದು. ಮನೆಯವರಿಗೆ ಕೆಲವು ನಿಮಿಷ ಮುಂಚೆ ಒಂದು ಫೋನ್ ಕರೆ ಹೋಗಿದ್ದರೆ ಸದನದ ಗೌರವಕ್ಕೆ ಕುಂದು ಬರುತ್ತಿತ್ತೆಂದು ಹೇಳುವುದು ಕಷ್ಟ.

ನಾವು ಎಲ್ಲಿ ಬರುತ್ತೇವೆ

ವಿದೇಶಾಂಗ ಕೇಂದ್ರಪಟ್ಟಿಯ ವಿಷಯ. ವಿಧಾನಸಭೆಯಲ್ಲಿ ಕೇಳಿ ಪ್ರಯೋಜನವಿಲ್ಲ. ಮನೆಯವರೊಬ್ಬರು ಸೌದಿ ಅರೇಬಿಯಾದ ದಮ್ಮಾಮಿನಲ್ಲಿ ಸಂಬಳವಿಲ್ಲದೆ ಸಿಕ್ಕಿಕೊಂಡಿದ್ದರೆ ಅದಕ್ಕೆ ಸಂಸತ್ ಪ್ರಶ್ನೆಯೂ ಮದ್ದಲ್ಲ, ಹದಿನೈದು ದಿನ ಕಾಯಲು ಆಗುವುದಿಲ್ಲ. ವಿದೇಶದಲ್ಲಿರುವ ಭಾರತೀಯರ ದೂರಿಗಾಗಿ ವಿದೇಶಾಂಗ ಸಚಿವಾಲಯ 2015ರಲ್ಲಿ ಶುರುಮಾಡಿದ ಮದದ್ ಪೋರ್ಟಲಿನಲ್ಲಿ ದೂರು ದಾಖಲಿಸಿ, ಆ ದೂರಿನ ಸಂಖ್ಯೆ ಹಾಕಿ ಸಂಸದರಿಂದ ಸಚಿವರಿಗೆ ಪತ್ರ ಬರೆಸುವುದು ಬೇಗ ಕೆಲಸ ಮಾಡುತ್ತದೆ. ಪ್ರಶ್ನೆಯ ಉಪಯೋಗ ಇರುವುದು ಒಂದೇ ತರಹದ ಹತ್ತು ಪ್ರಕರಣ ಕಂಡಾಗ. ಒಂದೇ ಏಜೆನ್ಸಿ, ಒಂದೇ ದೇಶ, ಒಂದೇ ಬಗೆಯ ಮೋಸ ಕಂಡಿತೋ, ಆಗ ಸಂಸದರ ಕಚೇರಿಗೆ ಹೋಗಿ. ಅಧಿವೇಶನ ಕರೆದ ಬಳಿಕ ಎರಡೂ ಸದನಗಳ ಸಚಿವಾಲಯಗಳು ಯಾವ ದಿನದ ಪ್ರಶ್ನೆಗೆ ಯಾವತ್ತು ಕೊನೆ ಎಂಬ ಪಟ್ಟಿ ಹೊರಡಿಸುತ್ತವೆ. ಅದನ್ನು ನೋಡಿಕೊಂಡು, ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಪ್ರಶ್ನೆಯ ಕರಡನ್ನೇ ಕೊಟ್ಟರೆ ಸಂಸದರ ಸಹಾಯಕರಿಗೆ ಅರ್ಧ ಕೆಲಸ ಇಳಿಯುತ್ತದೆ. ನಾಲ್ಕು ಉಪಭಾಗ ಸಾಕು: ಎಷ್ಟು, ಎಲ್ಲಿ, ಯಾವ ಕ್ರಮ, ಎಷ್ಟು ಖರ್ಚು. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ರಾಯಭಾರ ಕಚೇರಿಗಳಲ್ಲಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಎಂಬುದಿದೆ. ಕಷ್ಟದಲ್ಲಿರುವವರ ಊಟ, ವಸತಿ, ವಿಮಾನ ಟಿಕೆಟ್, ಶವ ಸಾಗಣೆಗೆ ಅದರಿಂದ ಹಣ ಕೊಡಬಹುದು. ಯಾವ ಕಚೇರಿ ಎಷ್ಟು ಬಳಸಿತು ಎಂದು ಕೇಳಿದರೆ ಕ್ರಮದ ಬಗೆಗಿನ ಮಾತಿಗೆ ತೂಕ ಬರುತ್ತದೆ.

ಪಾಸ್‌ಪೋರ್ಟ್ ವಿಷಯ ಹಾಗಲ್ಲ, ಅಲ್ಲಿ ಕ್ಷೇತ್ರದ ಪ್ರಶ್ನೆಗೇ ಫಲ ಸಿಗುತ್ತದೆ. ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರ ಪ್ರಾಯೋಗಿಕವಾಗಿ ಮೊದಲು ತೆರೆದದ್ದು 2017ರ ಜನವರಿಯಲ್ಲಿ, ಮೈಸೂರಿನಲ್ಲಿ ಮತ್ತು ಗುಜರಾತಿನ ದಾಹೋದ್‌ನಲ್ಲಿ. ಆಮೇಲೆ "ನಮ್ಮ ಕ್ಷೇತ್ರಕ್ಕೆ ಯಾವಾಗ" ಎಂಬುದು ವಿದೇಶಾಂಗ ಸಚಿವರಿಗೆ ಬರುವ ಅತಿ ಸ್ವದೇಶಿ ಪ್ರಶ್ನೆಯಾಯಿತು.

ಉತ್ತರಗಳೆಲ್ಲ ಸಂಸತ್ತಿನ ಜಾಲತಾಣದಲ್ಲೂ ವಿದೇಶಾಂಗ ಸಚಿವಾಲಯದ ತಾಣದಲ್ಲೂ ಉಚಿತವಾಗಿ ಸಿಗುತ್ತವೆ. ಓದುವಾಗ ಪ್ರಶ್ನೆಯ ಭಾಗಗಳ ಎದುರು ಉತ್ತರದ ಭಾಗಗಳನ್ನು ಇಟ್ಟು ನೋಡಬೇಕು. ನಾಲ್ಕೂ ಭಾಗಕ್ಕೆ ಸೇರಿಸಿ ಒಂದೇ ಪ್ಯಾರಾ ಇದ್ದರೆ ಯಾವುದೋ ಒಂದು ಭಾಗ ಅದರೊಳಗೆ ಮುಳುಗಿರುತ್ತದೆ, ಅದನ್ನು ಹುಡುಕಿ. "ಸಂಬಂಧಿಸಿದ ಅಧಿಕಾರಿಗಳೊಂದಿಗೆ ನಿಯಮಿತವಾಗಿ ಪ್ರಸ್ತಾಪಿಸಲಾಗುತ್ತಿದೆ" ಎಂದಿದ್ದರೆ ಎಂದು, ಯಾರ ಮಟ್ಟದಲ್ಲಿ ಎಂಬುದು ಇದೆಯೇ ನೋಡಿ. ಅಂಕಿ ಇದ್ದರೆ ಅದು ಯಾವ ದಿನಾಂಕಕ್ಕೆ ಸಂಬಂಧಿಸಿದ್ದು ಎಂದು ನೋಡಿ.

ಉತ್ತರವೇ ತಪ್ಪಾಗಿದ್ದರೆ ಸಚಿವರು ತಿದ್ದುಪಡಿ ಹೇಳಿಕೆ ಮಂಡಿಸಬೇಕು. ಲೋಕಸಭಾ ಸದಸ್ಯರು ತಪ್ಪು ಕಂಡರೆ ಸ್ಪೀಕರ್ ನಿರ್ದೇಶನ 115ರಡಿ ಬರೆಯಬಹುದು. ಉತ್ತರ ಅಪೂರ್ಣ ಎನಿಸಿದರೆ ಅರ್ಧಗಂಟೆ ಚರ್ಚೆಗೆ ಮೂರು ದಿನ ಮುಂಚೆ ಸೂಚನೆ ಕೊಡುವ ಅವಕಾಶ ನಿಯಮ 55ರಲ್ಲಿದೆ. ಗುಟ್ಟಿನ ವಿಷಯಗಳು ಶಶಿ ತರೂರ್ ಅಧ್ಯಕ್ಷತೆಯ ವಿದೇಶಾಂಗ ಸ್ಥಾಯಿ ಸಮಿತಿಯಂಥ ಬಾಗಿಲು ಮುಚ್ಚಿದ ಕೋಣೆಗೆ ಹೋಗುತ್ತವೆ. ಮಾಹಿತಿ ಹಕ್ಕಿನ ಅರ್ಜಿಯೂ ಇದೆ, 10 ರೂಪಾಯಿ ಶುಲ್ಕ, 30 ದಿನದ ಗಡುವು. ಆದರೆ ಸೆಕ್ಷನ್ 8ರಲ್ಲಿ ವಿದೇಶ ಸಂಬಂಧದ ವಿನಾಯಿತಿ ಎಷ್ಟು ಅಗಲವಾಗಿದೆಯೆಂದರೆ ಅಂಕಿಸಂಖ್ಯೆ ಬಿಟ್ಟು ಬೇರೇನೂ ಸಲೀಸಾಗಿ ಸಿಗದು.

"ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು" ಎಂಬ ಉತ್ತರ ಬಂದರೆ ಬೇಸರ ಬೇಡ. ಸಂಸತ್ತಿನ ಲೆಕ್ಕದಲ್ಲಿ ಅದು ಭರವಸೆ. ಮೂರು ತಿಂಗಳಲ್ಲಿ ಈಡೇರಿಸಬೇಕು. ತಡವಾದರೆ ಸಚಿವಾಲಯ ಹೆಚ್ಚಿನ ಸಮಯ ಕೋರಬೇಕು, ಕೈಬಿಡಬೇಕೆಂದರೂ ಸರ್ಕಾರಿ ಭರವಸೆಗಳ ಸಮಿತಿಯ ಒಪ್ಪಿಗೆ ಬೇಕು. ಲೋಕಸಭೆ ವಿಸರ್ಜನೆಯಾದರೂ ಬಾಕಿ ಭರವಸೆಗಳು ರದ್ದಾಗುವುದಿಲ್ಲ, ಹೊಸ ಸದನದ ಸಮಿತಿಗೆ ದಾಟುತ್ತವೆ. ಸಂಸದೀಯ ವ್ಯವಹಾರಗಳ ಸಚಿವಾಲಯ ಇವುಗಳ ಮೇಲೆ ಕಣ್ಣಿಡಲು ಆನ್‌ಲೈನ್ ವ್ಯವಸ್ಥೆಯನ್ನೇ ಮಾಡಿದೆ. ಹಳೆಯ ಉತ್ತರವೊಂದರಲ್ಲಿ ಆ ವಾಕ್ಯ ಕಂಡರೆ ಅದರ ದಿನಾಂಕ, ಪ್ರಶ್ನೆ ಸಂಖ್ಯೆ ಬರೆದಿಟ್ಟುಕೊಳ್ಳಿ. ಸಂಸದರಿಗೆ ಕೊಡುವ ಮುಂದಿನ ಕರಡಿನ ಮೊದಲ ಸಾಲು ಅದರಿಂದಲೇ ಶುರುವಾಗಬಹುದು.